ಮೂರು ಸೆಕೆಂಡಿನ ಇಗರ್ಜಿ

ನಮ್ಮ ಕಡೆ ಮೇಸ್ತ್ರಿ ಅಂದರೆ ಗೋಡೆ ಏರಿಸುವವ,
ದಿವಾಡಿ ದ್ವೀಪದಲ್ಲಿ ಮೆಸ್ತ್ರೆ ಅಂದರೆ ಹಾಡು ಕಲಿಸುವವ.
ಈ ಮೆಸ್ತ್ರೆಯ ಹೆಸರು ಪಾಂತಲಿಯಾಂವ್. ಎಂಬತ್ತೊಂದು ವಯಸ್ಸು.
ನಾನು ರೋಣದವನು, ಮಾಪ್ಸಾದಲ್ಲಿ ಸ್ಪೀಕರು ಬಾಡಿಗೆ ಕೊಡುವವನು,
ಮದುವೆ, ತೊಟ್ಟಿಲು, ಗಣಪತಿ, ಯಾವುದಕ್ಕೂ ಸೈ.
ಕಂಪ್ಯೂಟರಿನಲ್ಲಿ ದನಿ ಸಿಗುತ್ತದಂತೆ, ಹೌದೇನು? ಎಂದು
ಫೆರಿ ದಾಟಿ ಬಂದು ಕೇಳಿದರು.
ಕಂಕುಳಲ್ಲಿ ಗೆದ್ದಲು ತಿಂದ ಪುಸ್ತಕ.

ಮುನ್ನೂರು ವರ್ಷದ ಹಿಂದೆ, ಚಳಿಯ ಯಾವುದೋ ಊರಲ್ಲಿ
ಹೆಸರು ಹಾಕದ ಒಬ್ಬ ಬರೆದ ಮೊರೆ.
ಎಂಟು ದನಿ, ಎರಡು ಪಿಟೀಲು, ಒಂದು ಆರ್ಗನ್ನು.
ಆರನೆಯ ದನಿಯ ಅರ್ಧ ಹಾಳೆ ಗೆದ್ದಲಿನ ಹೊಟ್ಟೆಯಲ್ಲಿ.
ಅದನ್ನು ಅವರು ಬಾಯಲ್ಲೇ ಹೇಳಿದರು,
ನಾನು ತೆರೆಯ ಮೇಲೆ ಒಂದೊಂದೇ ಚುಕ್ಕಿ ಇಟ್ಟೆ,
ನಮ್ಮವ್ವ ಹೊಸಿಲ ಮುಂದೆ ಇಡುತ್ತಿದ್ದ ಹಾಗೆ.
ಎಳೆ ಕೂಡಿಸುವುದು ಆಮೇಲೆ.

ಕೊಂಡು ತಂದ ದನಿಗಳು ಅಚ್ಚುಕಟ್ಟು.
ಜ್ವರವಿಲ್ಲ, ಗಂಟಲ ಕೆರೆತವಿಲ್ಲ, ಮುನಿಸಿಲ್ಲ,
ಉಸಿರೂ ಇಲ್ಲ.
ಒಂದು 'ಆ' ಹಿಡಿದರೆ ಕರೆಂಟು ಹೋಗುವವರೆಗೂ 'ಆ'.
ಮೆಸ್ತ್ರೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೇಳಿ, ಹೇಳಿದರು:
"ಇವರಿಗೆ ಯಾರ ಸಾಲವೂ ಇಲ್ಲ.
ಸಾಲವಿಲ್ಲದವರು ಈ ಹಾಡು ಹಾಡಲಾರರು."

ಅಲ್ಲಿಂದ ಶುರುವಾಯಿತು ಕೆಡಿಸುವ ಕೆಲಸ.
ಎರಡನೆಯ ಆಲ್ಟೊವನ್ನು ಅರೆ ಮಾತ್ರೆ ತಡ ಮಾಡು.
ಎರ್ಮೆಲಿಂದ್ ಯಾವತ್ತೂ ತಡ, ಒಲೆಯ ಮೇಲೆ ಅನ್ನ ಇಟ್ಟು ಬರುತ್ತಿದ್ದಳು.
ಕೆಳದನಿಗೆ ಚೂರು ಮರಳು ಬೆರೆಸು,
ಕಾಯ್ತಾನ್ ಸಾಯುವವರೆಗೂ ಬೀಡಿ ಬಿಡಲಿಲ್ಲ.
ಎತ್ತರದ ಸ್ವರ ಹತ್ತುವ ಮುನ್ನ ಒಬ್ಬಳು ಹೆದರಬೇಕು.
ಯಾರು ಎಂದು ಮೆಸ್ತ್ರೆ ಹೇಳಲಿಲ್ಲ.
ಹೆದರಿಕೆಗೆ ಯಾವ ಬಟನ್ನು?
ಹನ್ನೆರಡು ಮಿಲಿಸೆಕೆಂಡು ಕೊಟ್ಟು ನೋಡಿದೆ, ಸಾಲದು,
ಇಪ್ಪತ್ತು ಕೊಟ್ಟೆ. "ಹಾಂ," ಎಂದರು, "ಅವಳೇ."
ಉಸಿರು ನನ್ನದನ್ನೇ ಹಾಕಿದೆ.
ಮೈಕಿನ ಮುಂದೆ ಕೂತು ಎಂಟು ಥರ ಎಳೆದುಕೊಂಡೆ,
ತಲೆ ತಿರುಗಿ, ಹೆಂಡತಿ ಸೋಡಾ ಶರಬತ್ತು ಮಾಡಿಕೊಟ್ಟಳು.

ಇನ್ನು ಜಾಗ ಬೇಕು.
ಗೋಡೆಯಿಲ್ಲದ ದನಿ ಹಗ್ಗದ ಮೇಲಿನ ಅಂಗಿ:
ತೋಳಿವೆ, ಮೈಯಿಲ್ಲ.
ಮಂಗಳವಾರ ಮಧ್ಯಾಹ್ನ ಗುಡ್ಡದ ಇಗರ್ಜಿಯಲ್ಲಿ ಮೈಕು ನಿಲ್ಲಿಸಿ
ಹುಟ್ಟುಹಬ್ಬದ ಕೆಂಪು ಬಲೂನು ಊದಿ, ಸೂಜಿ ಚುಚ್ಚಿದೆ.
ಠಪ್.
ಪಾರಿವಾಳ ಎದ್ದವು. ಸದ್ದು ಮಾಡಿಗೆ ಹೋಗಿ,
ಪಕ್ಕದ ಪೀಠಗಳನ್ನು ಮುಟ್ಟಿ, ಬೆಂಚುಗಳಡಿ ನುಸುಳಿ,
ಮೂರು ಸೆಕೆಂಡಿಗೆ ಸುಸ್ತಾಗಿ ಮಲಗಿತು.
ಆ ಮೂರು ಸೆಕೆಂಡೇ ಇಗರ್ಜಿ. ಅದನ್ನು ಜೇಬಿಗೆ ಹಾಕಿಕೊಂಡೆ.

ಮನೆಗೆ ಬಂದು ಕೇಳಿದರೆ, ಬಾಲದ ತುದಿಯಲ್ಲಿ
ದೂರದ ಫೆರಿಯ ಹಾರ್ನು ಕೂತಿದೆ.
ಬಲೂನಿನ ಸದ್ದಿನಲ್ಲಿ ಕೂತದ್ದು ಪ್ರತಿ ಸ್ವರದ ಬೆನ್ನಿಗೂ ಕೂರುತ್ತದೆ,
ಲೆಕ್ಕ ಹಾಗೆ: ಎಂಟು ದನಿ, ಸಾವಿರ ಸ್ವರ, ಸಾವಿರ ದೋಣಿ.
ತೆಗೆಯಲೇ? ಎಂದೆ.
"ಅದಿಲ್ಲದೆ ನಾವು ಯಾವಾಗ ಹಾಡಿದ್ದೆವು?"

ಪಾದ್ರಿ ಚಿಕ್ಕ ವಯಸ್ಸಿನವರು. ಕೇಳಿ ಮೆಚ್ಚಿದರು, ಆಮೇಲೆ ತಲೆ ಕೆರೆದರು.
ಗುಡ್ ಫ್ರೈಡೇ ದಿನ ಗಂಟೆಯಿಲ್ಲ, ಆರ್ಗನ್ನಿಲ್ಲ, ಮರದ ಗಿಲಕಿ ಮಾತ್ರ.
ಮನುಷ್ಯರ ದನಿಗೆ ಅಡ್ಡಿಯಿಲ್ಲ, ವಾದ್ಯಕ್ಕೆ ಇದೆ.
ಪಿಟೀಲು, ಆರ್ಗನ್ನು ತೆಗೆದುಬಿಡೋಣ, ಎಂದೆ.
"ಉಳಿದದ್ದು? ಅದು ದನಿಯೋ, ವಾದ್ಯವೋ?"
ಮೆಸ್ತ್ರೆ ನನ್ನ ಮುಖ ನೋಡಿದರು.
ಉಸಿರು ನನ್ನದು ಅನ್ನಬಹುದಿತ್ತು. ಅನ್ನಲಿಲ್ಲ.

ಆ ಶುಕ್ರವಾರ ರಾತ್ರಿ ಕಡೆಯ ಫೆರಿಗೆ ಕಾಯುತ್ತಿದ್ದೆ.
ಕಳಿಸಲು ಬಂದ ಮೆಸ್ತ್ರೆ ಪಿಕಪ್ ಹತ್ತಿ ಕೂತು
ಹಚ್ಚು, ಎಂದರು. ಗಾಜು ಏರಿಸಿ ಹಚ್ಚಿದೆ.
ಗುಡ್ಡದ ಮೇಲೆ ಇಗರ್ಜಿ ಬಾಯಿ ಮುಚ್ಚಿ ನಿಂತಿತ್ತು,
ಡ್ಯಾಶ್‌ಬೋರ್ಡಿನಲ್ಲಿ ಅದೇ ಇಗರ್ಜಿ ಬಾಗಿಲು ತೆರೆದಿತ್ತು.
ಎರ್ಮೆಲಿಂದ್ ತಡವಾಗಿ ಬಂದಳು.
ಕಾಯ್ತಾನ್ ಕೆಮ್ಮಲಿಲ್ಲ, ಅದೊಂದು ಮರೆತಿದ್ದೆವು.
ಕೊನೆಯ ಆಮೆನ್ನಿಗೆ ಮೆಸ್ತ್ರೆಯ ಕೈ ಎದ್ದಿತು,
ಸ್ವರವನ್ನು ಗಾಳಿಯಲ್ಲೇ ಹಿಡಿಯಿತು, ಬಿಡಲೊಲ್ಲದು.

ಜೆಟ್ಟಿಯ ದೀಪದಲ್ಲಿ ಆ ಕೈ ಕಂಡು
ಫೆರಿಯವನು ತನಗೇ ಎಂದುಕೊಂಡ.
ಸರಪಳಿ ಹಿಡಿದು ನಿಂತೇ ಇದ್ದ.